ಹೊಸ ವೈರಿಂಗ್ ಕೆಲಸದ ಬಳಿಕ ಕಾಣಿಸಿಕೊಳ್ಳುವ ವಿದ್ಯುತ್ ದೋಷಗಳು: ಗುರುತಿಸುವ ಬಗೆ ಹಾಗೂ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಅಂಗನವಾಡಿ ಕೇಂದ್ರವೊಂದರಲ್ಲಿ ಫೆಬ್ರವರಿ ತಿಂಗಳಲ್ಲಿ ಸುಣ್ಣಬಣ್ಣದ ಜೊತೆಗೆ ವೈರಿಂಗ್ ದುರಸ್ತಿಯೂ ನಡೆಯಿತು. ಅಡುಗೆ ಕೋಣೆಗೆ ಹೊಸದೊಂದು ಸ್ವಿಚ್ ಬೋರ್ಡು ಬಂದಿತು. ಮರುದಿನದಿಂದ ಅಲ್ಲಿ ಮಿಕ್ಸಿ ಹಾಕಿದಾಗಲೆಲ್ಲ ಇಡೀ ಕಟ್ಟಡದ ವಿದ್ಯುತ್ ಕಡಿತವಾಗತೊಡಗಿತು. ಕರೆ ಹೋದ ಮೇಲೆ ಬಂದ ಎಲೆಕ್ಟ್ರಿಷಿಯನ್ ಮುಖ್ಯ ಬೋರ್ಡಿನಲ್ಲಿದ್ದ ಆರ್‌ಸಿಸಿಬಿ ಎಂಬ ಸಾಧನವನ್ನು ತೋರಿಸಿ, ‘ಇದೇ ಸರಿಯಿಲ್ಲ’ ಎಂದು ಅದರ ತಂತಿಗಳನ್ನು ಬಿಚ್ಚಿ ನೇರವಾಗಿ ಜೋಡಿಸಿ ಹೋದನು. ಅಂದಿನಿಂದ ವಿದ್ಯುತ್ ಕಡಿತವಾಗಲಿಲ್ಲ. ತೊಂದರೆ ಪರಿಹಾರವಾಯಿತೆಂದು ಎಲ್ಲರೂ ಭಾವಿಸಿದರು; ಬಿಲ್ಲೂ ಪಾವತಿಯಾಯಿತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನೆಲ ಒರೆಸಿ ಎದ್ದ ಸಹಾಯಕಿ, ಕುಡಿಯುವ ನೀರಿನ ಶುದ್ಧೀಕರಣ ಯಂತ್ರದ ಸ್ಟೀಲ್ ನಲ್ಲಿಯನ್ನು ಮುಟ್ಟಿದೊಡನೆ ಕೈ ಜಗ್ಗಿದಂತಾಗಿ ಹಿಂದಕ್ಕೆ ಬಿದ್ದರು. ಒಳಗೆ ಮಿಕ್ಸಿ ಓಡುತ್ತಿತ್ತು. ಆಕೆ ಬದುಕಿದರು. ಇನ್ನರ್ಧ ಗಂಟೆಯಾಗಿದ್ದರೆ ಅದೇ ನಲ್ಲಿಯ ಮುಂದೆ ಮಕ್ಕಳು ಲೋಟ ಹಿಡಿದು ಸಾಲಾಗಿ ನಿಲ್ಲುವ ಹೊತ್ತು.

ಊರಿನ ಹೆಸರು, ಕೆಲಸ ಮಾಡಿದವರ ಹೆಸರು ಇಲ್ಲಿ ಅಗತ್ಯವಿಲ್ಲ. ತಿಳಿಯಬೇಕಾದುದು ಇಷ್ಟು: ಫೆಬ್ರವರಿಯಲ್ಲಿ ಆರ್‌ಸಿಸಿಬಿಯು ಕೆಟ್ಟಿರಲಿಲ್ಲ. ಅದು ಸರಿಯಾಗಿಯೇ ಕೆಲಸ ಮಾಡಿತ್ತು. ಹೊಸ ಬೋರ್ಡಿನಲ್ಲಿ ಆಗಿದ್ದ ತಪ್ಪನ್ನು ಅದು ಪ್ರತಿದಿನವೂ ಹೇಳುತ್ತಿತ್ತು. ಹೇಳುವ ಬಾಯನ್ನೇ ಮುಚ್ಚಲಾಯಿತು. ಕಾಮಗಾರಿಯ ನಂತರ ಕಾಣಿಸಿಕೊಳ್ಳುವ ಇಂತಹ ಲಕ್ಷಣಗಳನ್ನು ಓದುವುದು ಹೇಗೆ, ಯಾವುದನ್ನು ಸದಸ್ಯರು ತಾವೇ ಪರೀಕ್ಷಿಸಬಹುದು, ಯಾವುದನ್ನು ಮುಟ್ಟಲೇಬಾರದು ಎಂಬುದು ಈ ಪಾಠದ ವಿಷಯ. ಪಂಚಾಯಿತಿ ಕಚೇರಿ, ಅಂಗನವಾಡಿ, ಗ್ರಂಥಾಲಯ, ಸಮುದಾಯ ಭವನಗಳಿಗೆ ಮಾತ್ರವಲ್ಲದೆ ಸದಸ್ಯರ ಮನೆಗೂ ವಾರ್ಡಿನ ಮನೆಗಳಿಗೂ ಇದು ಅನ್ವಯಿಸುತ್ತದೆ.

ಮೂರು ತಂತಿಗಳು, ಎರಡು ಕಾವಲುಗಾರರು

ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಫೇಸ್ ತಂತಿಯಲ್ಲಿ ಬಂದ ವಿದ್ಯುತ್ತು ದೀಪ, ಫ್ಯಾನುಗಳ ಮೂಲಕ ಹಾದು ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗುತ್ತದೆ. ಮೂರನೆಯದಾದ ಅರ್ಥ್ ತಂತಿಯಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ಏನೂ ಹರಿಯಬಾರದು. ಉಪಕರಣದ ಲೋಹದ ಮೈಗೆ ಫೇಸ್ ತಗುಲಿದಾಗ ಅದನ್ನು ನೆಲಕ್ಕೆ ಇಳಿಸುವುದಷ್ಟೇ ಅದರ ಕೆಲಸ. ವೈರಿಂಗ್‌ನಲ್ಲಿ ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು ಬಣ್ಣದ ತಂತಿ ಬಳಸುವುದು ರೂಢಿ. ಕೈಗೆ ಸಿಕ್ಕ ಬಣ್ಣದ ತಂತಿಯನ್ನು ಎಳೆದ ಕೆಲಸದಲ್ಲಿ ಮುಂದೆ ಬರುವ ದುರಸ್ತಿಗಾರನು ಮೋಸಹೋಗುತ್ತಾನೆ.

ಎಂಸಿಬಿ ಹಾಗೂ ಆರ್‌ಸಿಸಿಬಿ ಎರಡನ್ನೂ ಜನರು ‘ಟ್ರಿಪ್ಪರ್’ ಎಂದೇ ಕರೆಯುವುದುಂಟು. ಆದರೆ ಅವುಗಳ ಕೆಲಸ ಬೇರೆ. ಎಂಸಿಬಿಯು ತಂತಿಯ ಕಾವಲುಗಾರ. ತಂತಿ ತಾಳಿಕೊಳ್ಳಲಾರದಷ್ಟು ವಿದ್ಯುತ್ತು ಹರಿದರೆ ಅದು ಬೀಳುತ್ತದೆ. ಆರ್‌ಸಿಸಿಬಿಯು ಮನುಷ್ಯನ ಕಾವಲುಗಾರ. ಫೇಸಿನಲ್ಲಿ ಹೋದಷ್ಟೇ ವಿದ್ಯುತ್ತು ನ್ಯೂಟ್ರಲ್ಲಿನಲ್ಲಿ ಹಿಂದಿರುಗುತ್ತಿದೆಯೇ ಎಂದು ಅದು ಸದಾ ತೂಗಿ ನೋಡುತ್ತದೆ. ಲೆಕ್ಕ ತಪ್ಪಿದರೆ ಎಲ್ಲಿಯೋ ಸೋರಿಕೆಯಾಗುತ್ತಿದೆ ಎಂದೇ ಅರ್ಥ. ಮನೆಗಳಲ್ಲಿ ಜೀವರಕ್ಷಣೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರಿನದು. ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲಷ್ಟು ಸೋರಿದರೆ ಅದು ಕಡಿತಗೊಳಿಸುತ್ತದೆ.

ಎಂಸಿಬಿ ಇದ್ದರೆ ಸಾಲದೇ ಎಂಬ ಪ್ರಶ್ನೆ ತರಬೇತಿಗಳಲ್ಲಿ ಪ್ರತಿಬಾರಿಯೂ ಬರುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಬೇಸಿಗೆಯಲ್ಲಿ ಒಣಗಿದ ಅರ್ಥಿಂಗ್ ಗುಂಡಿಯ ರೋಧ 50 ಓಮ್ ಇದೆಯೆಂದುಕೊಳ್ಳಿ. ಗೀಸರಿನ ಮೈಗೆ ಫೇಸ್ ತಗುಲಿದರೆ 230ನ್ನು 50ರಿಂದ ಭಾಗಿಸಿದಷ್ಟು, ಅಂದರೆ 4.6 ಆಂಪಿಯರ್ ನೆಲಕ್ಕೆ ಹರಿಯುತ್ತದೆ. 16 ಆಂಪಿಯರಿನ ಎಂಸಿಬಿಗೆ ಇದು ಗಮನಕ್ಕೇ ಬಾರದ ಹೊರೆ. ಅದು ಬೀಳುವುದಿಲ್ಲ, ಗೀಸರಿನ ಮೈ ವಿದ್ಯುತ್ತಿನಿಂದ ತುಂಬಿಯೇ ಇರುತ್ತದೆ. ಆರ್‌ಸಿಸಿಬಿಗಾದರೋ ಇದು ಅದರ ಮಿತಿಯ ನೂರೈವತ್ತು ಪಟ್ಟಿಗಿಂತ ಹೆಚ್ಚು. ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿತಗೊಳಿಸುತ್ತದೆ. ಬಯಲುಸೀಮೆಯ ಒಣ ನೆಲದಲ್ಲಿಯೂ ಮಲೆನಾಡಿನ ಕಲ್ಲುಮಣ್ಣಿನಲ್ಲಿಯೂ ಉತ್ತಮ ಅರ್ಥಿಂಗ್ ಸಿಗುವುದು ಸುಲಭವಲ್ಲವಾದ್ದರಿಂದ ನಮ್ಮ ಹಳ್ಳಿಗಳಿಗೆ ಆರ್‌ಸಿಸಿಬಿಯು ಅನುಕೂಲಸ್ಥರ ಮನೆಯ ಅಲಂಕಾರವಲ್ಲ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ

ಕೆಲಸ ಮುಗಿದ ಮೇಲೆ ಹೀಗಾದರೆ ಸದಸ್ಯರು ಬೋರ್ಡು ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎಲ್ಲ ಎಂಸಿಬಿಗಳನ್ನು ಕೆಳಗಿಳಿಸಿ ಆರ್‌ಸಿಸಿಬಿಯನ್ನು ಮೇಲೆತ್ತಿರಿ. ಅದು ನಿಂತರೆ ಎಂಸಿಬಿಗಳನ್ನು ಒಂದೊಂದಾಗಿ ಮೇಲೆತ್ತುತ್ತ ಬನ್ನಿ. ಯಾವುದನ್ನು ಎತ್ತಿದಾಗ ಬೀಳುತ್ತದೆಯೋ ಆ ಸಾಲಿನ ಉಪಕರಣಗಳ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೊಮ್ಮೆ ಎತ್ತಿರಿ. ಈಗ ನಿಂತರೆ ದೋಷ ಉಪಕರಣದಲ್ಲಿದೆ. ಆಗಲೂ ಬಿದ್ದರೆ ಗೋಡೆಯೊಳಗಿನ ತಂತಿಯಲ್ಲಿದೆ. ಮೊಳೆ ಹೊಡೆದಾಗ ಕೊಳವೆಯೊಳಗಿನ ತಂತಿಗೆ ತಗುಲಿರಬಹುದು, ಹಳೆಯ ಕೊಳವೆಯಲ್ಲಿ ಬಲವಾಗಿ ಎಳೆದಾಗ ತಿರುವಿನಲ್ಲಿ ಹೊದಿಕೆ ಹರಿದಿರಬಹುದು, ಹಸಿ ಗಾರೆಯ ತೇವ ಸ್ವಿಚ್ ಪೆಟ್ಟಿಗೆಗೆ ಇಳಿದಿರಬಹುದು. ಯಾವ ಎಂಸಿಬಿ, ಯಾವ ಉಪಕರಣ, ಯಾವ ಹೊತ್ತು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟು ಎಲೆಕ್ಟ್ರಿಷಿಯನ್ ಕೈಗೆ ಕೊಟ್ಟರೆ ಆತನ ಅರ್ಧ ದಿನ ಉಳಿಯುತ್ತದೆ.

ಆದರೆ ಈ ಪರೀಕ್ಷೆಗೂ ಒಂದು ಮಿತಿ ಇದೆ. ಅಂಗನವಾಡಿಯ ದೋಷ ಅದರಲ್ಲಿಯೇ ಅಡಗಿತ್ತು. ಸಾಮಾನ್ಯ ಎಂಸಿಬಿ ಕಡಿತಗೊಳಿಸುವುದು ಫೇಸನ್ನು ಮಾತ್ರ. ಆ ಸಾಲಿನ ನ್ಯೂಟ್ರಲ್ ಜೋಡಿಸಿದಂತೆಯೇ ಉಳಿಯುತ್ತದೆ. ಎಲ್ಲಿಯೋ ನ್ಯೂಟ್ರಲ್ ತಂತಿಯು ಅರ್ಥ್ ತಂತಿಗೆ ತಗುಲಿದ್ದರೆ, ಹಿಂದಿರುಗುವ ವಿದ್ಯುತ್ತಿನ ಒಂದು ಪಾಲು ಅಲ್ಲಿಂದ ನೆಲಕ್ಕೆ ಸೋರುತ್ತದೆ. ಹೊರೆ ಕಡಿಮೆಯಿದ್ದಾಗ ಸೋರಿಕೆಯೂ ಕಡಿಮೆ, ಆರ್‌ಸಿಸಿಬಿ ಸುಮ್ಮನಿರುತ್ತದೆ. ಮಿಕ್ಸಿಯಂತಹ ದೊಡ್ಡ ಹೊರೆ ಬಂದೊಡನೆ ಬೀಳುತ್ತದೆ. ಆಗ ನೋಡುವವರಿಗೆ ಮಿಕ್ಸಿಯೇ ಕೆಟ್ಟಂತೆ ಕಾಣುತ್ತದೆ. ಮಿಕ್ಸಿ ಬದಲಾಯಿಸಿದರೂ ತೊಂದರೆ ಹೋಗುವುದಿಲ್ಲ. ಎಷ್ಟೋ ವೇಳೆ ದೋಷವಿರುವ ಸಾಲು ಒಂದಾಗಿದ್ದು, ಬೀಳುವುದು ಇನ್ನೊಂದು ಸಾಲನ್ನು ಎತ್ತಿದಾಗ. ಆದ್ದರಿಂದ ‘ಹೊರೆ ಹೆಚ್ಚಾದಾಗ ಮಾತ್ರ ಆರ್‌ಸಿಸಿಬಿ ಬೀಳುತ್ತದೆ’ ಎಂಬ ಲಕ್ಷಣ ಕಂಡರೆ, ನ್ಯೂಟ್ರಲ್ ಮತ್ತು ಅರ್ಥ್ ಎಲ್ಲಿಯಾದರೂ ಕೂಡಿವೆಯೇ ಎಂದು ನೋಡಲು ಹೇಳಿರಿ. ಹೊಸದಾಗಿ ಕೈಹಾಕಿದ ಬೋರ್ಡಿನಿಂದಲೇ ಹುಡುಕಾಟ ಆರಂಭವಾಗಲಿ.

ಇನ್ನೊಂದು ಸಾಮಾನ್ಯ ತಪ್ಪೆಂದರೆ ಎರವಲು ನ್ಯೂಟ್ರಲ್. ಹೊಸ ದೀಪಕ್ಕೆ ಫೇಸನ್ನು ಒಂದು ಸಾಲಿನಿಂದ ತಂದು, ಹತ್ತಿರದಲ್ಲಿದೆಯೆಂದು ನ್ಯೂಟ್ರಲನ್ನು ಬೇರೆ ಸಾಲಿನಿಂದ ಜೋಡಿಸುವುದು. ಮಹಡಿ ಮೆಟ್ಟಿಲಿನ ದೀಪಗಳಲ್ಲಿ ಇದು ಹೆಚ್ಚು. ಆ ಎರಡು ಸಾಲುಗಳಲ್ಲಿ ಒಂದು ಮಾತ್ರ ಆರ್‌ಸಿಸಿಬಿಯ ಅಡಿಯಲ್ಲಿದ್ದರೆ, ಆ ಒಂದು ದೀಪ ಹಾಕಿದಾಗಲೆಲ್ಲ ಮನೆಯೇ ಕತ್ತಲಾಗುತ್ತದೆ.

ಅಂಗನವಾಡಿಯಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಡೆದುದು ಇಷ್ಟು. ಹೊಸ ಬೋರ್ಡನ್ನು ಪೆಟ್ಟಿಗೆಯೊಳಗೆ ಒತ್ತಿ ತಿರುಪು ಬಿಗಿಯುವಾಗ ಕಪ್ಪು ತಂತಿಯೂ ಹಸಿರು ತಂತಿಯೂ ಹೊದಿಕೆ ನಜ್ಜಾಗಿ ಒಂದಕ್ಕೊಂದು ತಗುಲಿದ್ದವು. ಆರ್‌ಸಿಸಿಬಿ ಅದನ್ನು ಹಿಡಿಯಿತು, ಅದನ್ನು ತೆಗೆದರು. ಎರಡು ತಿಂಗಳಲ್ಲಿ ಜಂಕ್ಷನ್ ಬಾಕ್ಸಿನೊಳಗಿನ ನ್ಯೂಟ್ರಲ್ ಗಂಟು ಸಡಿಲವಾಗಿ ಬಿಟ್ಟುಕೊಂಡಿತು. ಹಿಂದಿರುಗಲು ದಾರಿ ತಪ್ಪಿದ ವಿದ್ಯುತ್ತು ಅರ್ಥ್ ತಂತಿಯನ್ನೇ ಹಿಡಿಯಿತು. ಗುಂಡಿ ಒಣಗಿತ್ತು. ಅರ್ಥ್ ತಂತಿಗೆ ಸೇರಿದ ಲೋಹದ ಮೈಗಳೆಲ್ಲ, ನೀರಿನ ನಲ್ಲಿಯೂ ಸೇರಿ, ಮಿಕ್ಸಿ ಓಡಿದಷ್ಟು ಹೊತ್ತು ವಿದ್ಯುತ್ತನ್ನು ಹೊತ್ತು ನಿಂತವು. ಮಿಕ್ಸಿ ಮಾತ್ರ ಓಡುತ್ತಲೇ ಇತ್ತು. ಯಾರಿಗೂ ಸಂಶಯ ಬರಲಿಲ್ಲ.

ಕೆಲವರು ಅರ್ಥ್ ಗುಂಡಿಯ ಖರ್ಚು ಉಳಿಸಲು ಸಾಕೆಟ್ಟಿನಲ್ಲಿಯೇ ನ್ಯೂಟ್ರಲಿನಿಂದ ಅರ್ಥ್ ಪಿನ್ನಿಗೆ ತುಂಡು ತಂತಿಯೊಂದನ್ನು ಬೇಕೆಂದೇ ಜೋಡಿಸುತ್ತಾರೆ. ಪರೀಕ್ಷೆಗೆ ಅರ್ಥ್ ಇದ್ದಂತೆ ತೋರುತ್ತದೆ. ನ್ಯೂಟ್ರಲ್ ಎಂದಾದರೂ ಕಡಿದುಹೋದರೆ ಉಪಕರಣದ ಮೈಗೆ ಬರುವುದು ಪೂರ್ತಿ 230 ವೋಲ್ಟ್. ಇಂತಹ ಕೆಲಸ ಕಂಡುಬಂದರೆ ಆ ಸಾಕೆಟ್ಟನ್ನು ಅಂದೇ ಬಳಕೆಯಿಂದ ತೆಗೆಸಬೇಕು.

ದೀಪ ಮಂಕಾಗುವುದು, ಉರಿದು ಬೀಳುವುದು

ಮನೆಯ ಒಂದು ಭಾಗದಲ್ಲಿ ಫ್ಯಾನ್ ನಿಧಾನವಾಗಿ, ದೀಪ ಮಂಕಾಗಿ, ಗೋಡೆ ತಟ್ಟಿದರೆ ಸರಿಹೋಗುವಂತಿದ್ದರೆ ಅದು ಸಡಿಲ ಜೋಡಣೆ. ಸಾಕೆಟ್ಟಿನ ಎರಡೂ ರಂಧ್ರಗಳಲ್ಲಿ ಟೆಸ್ಟರ್ ಬೆಳಗಿ, ಉಪಕರಣ ಮಾತ್ರ ಓಡದಿದ್ದರೆ ನ್ಯೂಟ್ರಲ್ ಕಡಿದಿದೆ. ಟೆಸ್ಟರ್ ಬೆಳಗುವುದನ್ನು ಕಂಡು ‘ಕರೆಂಟ್ ಇದೆ, ಫ್ಯಾನೇ ಕೆಟ್ಟಿದೆ’ ಎಂದು ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು.

ಮೂರು ಫೇಸ್ ಸಂಪರ್ಕವಿರುವ ಕಟ್ಟಡಗಳಲ್ಲಿ ಇದು ಅತಿ ಅಪಾಯಕಾರಿ. ಮುಖ್ಯ ನ್ಯೂಟ್ರಲ್ ಬಿಟ್ಟುಹೋದರೆ ಕೆಲವು ದೀಪಗಳು ಮಂಕಾಗುವ ಹೊತ್ತಿಗೇ ಇನ್ನು ಕೆಲವು ಅತಿಯಾಗಿ ಪ್ರಜ್ವಲಿಸುತ್ತವೆ. ಹೊರೆ ಕಡಿಮೆಯಿರುವ ಫೇಸಿನ ಮೇಲೆ 230ರ ಬದಲು 400ರ ಸಮೀಪದವರೆಗೂ ವೋಲ್ಟೇಜ್ ಏರಬಹುದು. ಗ್ರಂಥಾಲಯದ ಕಂಪ್ಯೂಟರುಗಳು ಒಂದೇ ದಿನ ಸುಟ್ಟುಹೋಗಲು ಇಷ್ಟು ಸಾಕು. ಒಂದೆಡೆ ಮಂಕು, ಇನ್ನೊಂದೆಡೆ ಪ್ರಖರ ಎಂಬುದನ್ನು ಕಂಡ ತಕ್ಷಣ ಮುಖ್ಯ ಸ್ವಿಚ್ಚನ್ನು ಇಳಿಸಬೇಕು. ಕಾರಣ ಆಮೇಲೆ ಹುಡುಕಬಹುದು.

ಇಲ್ಲಿ ಹೊಣೆಯ ಪ್ರಶ್ನೆಯೂ ಏಳುತ್ತದೆ. ಅಕ್ಕಪಕ್ಕದ ಮನೆಗಳಲ್ಲಿಯೂ ಇದೇ ಸ್ಥಿತಿಯಿದ್ದರೆ ದೋಷ ಬೀದಿಯ ಮಾರ್ಗದಲ್ಲಿದೆ. 1912ಕ್ಕೆ ಕರೆಮಾಡಿ ದೂರು ಸಂಖ್ಯೆ ಪಡೆಯತಕ್ಕದ್ದು. ತಮ್ಮ ಕಟ್ಟಡದಲ್ಲಿ ಮಾತ್ರವಿದ್ದರೆ, ಕಂಬದಿಂದ ಮೀಟರ್‌ವರೆಗಿನ ಭಾಗ ವಿದ್ಯುತ್ ಸರಬರಾಜು ಕಂಪನಿಯದು, ಮೀಟರಿನ ಆಚೆಯದು ಕಟ್ಟಡದವರದು. ಮೀಟರಿನ ಮೊಹರು ಮುರಿದು ನೋಡುವ ಅಧಿಕಾರ ಯಾವ ಖಾಸಗಿ ಎಲೆಕ್ಟ್ರಿಷಿಯನ್‌ಗೂ ಇಲ್ಲ.

ಬಿಸಿ ಮತ್ತು ವಾಸನೆ

ಪ್ಲಗ್ಗು ಬಿಸಿಯಾಗುವುದು, ಸ್ವಿಚ್ ಪಟ್ಟಿ ಕಂದುಬಣ್ಣಕ್ಕೆ ತಿರುಗುವುದು, ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಹಸಿ ಮೀನಿನಂತಹ ವಾಸನೆ ಬರುವುದು, ಇವು ಸಡಿಲ ತಿರುಪಿನ ಲಕ್ಷಣಗಳು. 2000 ವ್ಯಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಡಿಲವಾದ ಗಂಟಿನಲ್ಲಿ ಅರ್ಧ ಓಮ್ ರೋಧವಿದ್ದರೂ ಅಲ್ಲಿ ಸುಮಾರು 38 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವ್ಯಾಟಿನದು. ಅದಕ್ಕಿಂತ ಬಿಸಿಯಾದ ವಸ್ತುವೊಂದು ಮರದ ಪಟ್ಟಿಯ ಹಿಂದೆ ಕುಳಿತಂತಾಯಿತು. ಇದನ್ನು ಎಂಸಿಬಿ ಹಿಡಿಯಲಾರದು, ಏಕೆಂದರೆ ಹರಿಯುತ್ತಿರುವುದು ಸಹಜ ಪ್ರಮಾಣದ ವಿದ್ಯುತ್ತೇ. ಆರ್‌ಸಿಸಿಬಿಯೂ ಹಿಡಿಯಲಾರದು, ಏಕೆಂದರೆ ಸೋರಿಕೆಯೇ ಇಲ್ಲ. ಮೂಗು ಮತ್ತು ಅಂಗೈ ಮಾತ್ರ ಹಿಡಿಯಬಲ್ಲವು. ಹೊಸ ವೈರಿಂಗ್ ಆದ ಮೊದಲ ತಿಂಗಳು, ಭಾರಿ ಉಪಕರಣ ಅರ್ಧ ಗಂಟೆ ಓಡಿದ ಮೇಲೆ ಅದರ ಸ್ವಿಚ್ಚನ್ನು ಆರಿಸಿ, ಒಣಗಿದ ಕೈಯ ಹಿಂಬದಿಯನ್ನು ಬೋರ್ಡಿನ ಪ್ಲಾಸ್ಟಿಕ್ ಪಟ್ಟಿಯ ಹತ್ತಿರ ಹಿಡಿದು ನೋಡುವ ಅಭ್ಯಾಸ ಒಳ್ಳೆಯದು.

ಎಂಸಿಬಿ ಬೀಳುತ್ತಿದೆಯೆಂದು 16 ಆಂಪಿಯರಿನದನ್ನು ತೆಗೆದು 32 ಆಂಪಿಯರಿನದನ್ನು ಕೂರಿಸುವವರಿದ್ದಾರೆ. ಗೋಡೆಯೊಳಗಿನ ತಂತಿ ಮೊದಲಿನದೇ. 2.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ 16 ಆಂಪಿಯರಿನ ಎಂಸಿಬಿ ಹೊಂದುತ್ತದೆ. ದೀಪ, ಫ್ಯಾನುಗಳ 1.5ರ ತಂತಿಗೆ 6 ಅಥವಾ 10. ದೊಡ್ಡ ಎಂಸಿಬಿ ಬೇಕಿದ್ದರೆ ದೊಡ್ಡ ತಂತಿ ಎಳೆಯಬೇಕು. ಎಂಸಿಬಿ ಮಾತ್ರ ಬದಲಾಯಿಸಿದರೆ ಫ್ಯೂಸಿನ ಕೆಲಸವನ್ನು ಗೋಡೆಯೊಳಗಿನ ತಂತಿಯೇ ಮಾಡುತ್ತದೆ.

ಸಣ್ಣ ಸುಳಿವುಗಳು ಮತ್ತು ಮೀಟರಿನ ದೀಪ

ಸ್ವಿಚ್ ಆರಿಸಿದರೂ ಎಲ್‌ಇಡಿ ಬಲ್ಬು ರಾತ್ರಿ ಮಿಣಮಿಣನೆ ಬೆಳಗುತ್ತಿದ್ದರೆ, ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲಿಗೆ ಜೋಡಿಸಿರುವ ಸಾಧ್ಯತೆಯಿದೆ. ಸೂಚಕ ದೀಪವಿರುವ ಸ್ವಿಚ್ಚುಗಳಲ್ಲಿಯೂ ಹೀಗಾಗುವುದುಂಟು, ಅದು ನಿರಪಾಯ. ಮೊದಲನೆಯದಾದರೆ ಸ್ವಿಚ್ ಆರಿಸಿದ ಮೇಲೂ ಹೋಲ್ಡರಿನಲ್ಲಿ ವಿದ್ಯುತ್ತಿರುತ್ತದೆ, ಬಲ್ಬು ಬದಲಿಸುವವರ ಜೀವಕ್ಕೆ ಸಂಚಕಾರ.

ವೈರಿಂಗ್ ಆದ ತಿಂಗಳಿನಿಂದ ಯೂನಿಟ್ ಏಕಾಏಕಿ ಏರಿದರೆ ಸೋರಿಕೆಯನ್ನು ಸಂಶಯಿಸಬೇಕು. ಅರ್ಧ ಆಂಪಿಯರ್ ಸೋರಿಕೆಯು ಹಗಲಿರುಳು ಹರಿದರೆ ದಿನಕ್ಕೆ ಸುಮಾರು 2.76 ಯೂನಿಟ್, ತಿಂಗಳಿಗೆ 80 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ ಫಲಾನುಭವಿ ಕುಟುಂಬವೊಂದು ತನಗೆ ನಿಗದಿಯಾದ ಸರಾಸರಿಯನ್ನು ಮೀರಲು ಇಷ್ಟೇ ಸಾಕು. ಪರೀಕ್ಷೆ ಸರಳ: ಎಂಸಿಬಿಗಳನ್ನು ಮೇಲೆಯೇ ಇಟ್ಟು, ಎಲ್ಲ ಸ್ವಿಚ್ಚು ಆರಿಸಿ, ಪ್ಲಗ್ಗುಗಳನ್ನು ಕಿತ್ತು, ಮೀಟರಿನ ಸಣ್ಣ ಕೆಂಪು ದೀಪವನ್ನು ಹತ್ತು ನಿಮಿಷ ಗಮನಿಸಿ. ಅದು ಮಿನುಗುತ್ತಿದ್ದರೆ ಮನೆಯೊಳಗೆ ಎಲ್ಲಿಯೋ ವಿದ್ಯುತ್ತು ಹರಿಯುತ್ತಿದೆ.

ಇನ್ವರ್ಟರ್ ಇರುವ ಕಟ್ಟಡಗಳಲ್ಲಿ ಮುಖ್ಯ ಸ್ವಿಚ್ ಇಳಿಸಿದರೂ ಕೆಲವು ಸಾಲುಗಳಲ್ಲಿ 230 ವೋಲ್ಟ್ ಉಳಿದಿರುತ್ತದೆ ಎಂಬುದನ್ನು ಮರೆಯಲಾಗದು. ಪಂಚಾಯಿತಿ ಕಚೇರಿಯ ಯುಪಿಎಸ್‌ಗೂ ಇದೇ ಮಾತು. ದುರಸ್ತಿಗೆ ಬಂದವರಿಗೆ ಇದನ್ನು ಮೊದಲೇ ತಿಳಿಸಬೇಕು, ಇನ್ವರ್ಟರನ್ನೂ ಆರಿಸಿಯೇ ಕೈಹಾಕಲು ಹೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಗಮನಿಸುವುದು, ಎಂಸಿಬಿ ಎತ್ತಿ ಇಳಿಸುವುದು, ಪ್ಲಗ್ಗು ಕೀಳುವುದು, ಆರ್‌ಸಿಸಿಬಿಯ ಮೇಲಿನ ‘ಟಿ’ ಗುಂಡಿಯನ್ನು ಒತ್ತಿ ಅದು ಬೀಳುವುದೇ ಎಂದು ನೋಡುವುದು, ಇಲ್ಲಿಗೆ ಸದಸ್ಯರ ಕೆಲಸ ಮುಗಿಯಿತು. ಬೋರ್ಡಿನ ತಿರುಪು ಬಿಚ್ಚುವುದು ಪರವಾನಗಿ ಪಡೆದವರ ಕೆಲಸ. ಯಾರಿಗಾದರೂ ವಿದ್ಯುತ್ತು ತಗುಲಿ ಅಂಟಿಕೊಂಡಿದ್ದರೆ ಅವರನ್ನು ಮುಟ್ಟದೆ ಮೊದಲು ಮುಖ್ಯ ಸ್ವಿಚ್ ಇಳಿಸಿ. ಅದು ಕೈಗೆಟುಕದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಕರೆಮಾಡಿ. ಬಿಡುಗಡೆಯಾದ ವ್ಯಕ್ತಿಗೆ ಉಸಿರಾಟವಿಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಎದೆಯ ಮಧ್ಯಭಾಗವನ್ನು ಬಲವಾಗಿ, ವೇಗವಾಗಿ ಒತ್ತುತ್ತಲೇ ಇರಬೇಕು.

ಬಿಲ್ಲು ಪಾವತಿಗೆ ಮುನ್ನ

ಅಂಗನವಾಡಿಯ ಪ್ರಕರಣದಲ್ಲಿ ಎಲೆಕ್ಟ್ರಿಷಿಯನ್ ತಪ್ಪು ಮಾಡಿದುದು ನಿಜ. ಆದರೆ ಬಿಲ್ಲಿನ ಜೊತೆಗೆ ಪರೀಕ್ಷಾ ವರದಿ ಕೇಳದಿದ್ದುದು ಪಂಚಾಯಿತಿಯ ತಪ್ಪು ಎಂದೇ ಹೇಳಬೇಕಾಗುತ್ತದೆ. ರಸ್ತೆ ಕಾಮಗಾರಿಯಲ್ಲಿ ಉದ್ದ, ಅಗಲ, ದಪ್ಪ ಅಳೆದು ಅಳತೆ ಪುಸ್ತಕದಲ್ಲಿ ಬರೆಯುತ್ತೇವೆ. ವೈರಿಂಗ್‌ನಲ್ಲಿ ಪಾಯಿಂಟುಗಳನ್ನು ಎಣಿಸಿ ಮುಗಿಸುತ್ತೇವೆ. ದೀಪ ಹತ್ತಿದರೆ ಕೆಲಸ ಸರಿ ಎಂಬ ಭಾವನೆ ಇದಕ್ಕೆ ಕಾರಣ. ಮೇಲೆ ವಿವರಿಸಿದ ದೋಷಗಳಲ್ಲಿ ಬಹುಪಾಲು ದೀಪ ಚೆನ್ನಾಗಿ ಹತ್ತುತ್ತಿರುವಾಗಲೇ ಇರತಕ್ಕವು.

ಆದ್ದರಿಂದ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಹೊಂದಿದ ಗುತ್ತಿಗೆದಾರರಿಂದಲೇ ಕೆಲಸ ಮಾಡಿಸುವುದು, ಪರವಾನಗಿಯ ಪ್ರತಿಯನ್ನು ಕಡತದಲ್ಲಿರಿಸುವುದು ಮೊದಲ ಹೆಜ್ಜೆ. ಕೆಲಸ ಮುಗಿದ ಮೇಲೆ 500 ವೋಲ್ಟಿನ ಮೆಗ್ಗರ್ ಉಪಕರಣದಿಂದ ತಂತಿಗಳ ಹೊದಿಕೆಯ ರೋಧವನ್ನು ಅಳೆಯಿಸಬೇಕು. ಫೇಸ್ ಮತ್ತು ಅರ್ಥ್ ನಡುವೆ ಮಾತ್ರವಲ್ಲ, ನ್ಯೂಟ್ರಲ್ ಮತ್ತು ಅರ್ಥ್ ನಡುವೆಯೂ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಕೆಲಸ ಮುಗಿದಿಲ್ಲ. ಈ ಎರಡನೆಯ ಅಳತೆಯನ್ನು ಫೆಬ್ರವರಿಯಲ್ಲಿ ತೆಗೆದಿದ್ದರೆ ನಜ್ಜಾದ ತಂತಿ ಅಂದೇ ಸಿಕ್ಕಿಬೀಳುತ್ತಿತ್ತು. ಅರ್ಥಿಂಗ್ ಗುಂಡಿಯ ರೋಧವನ್ನೂ ಅಳೆದು, ಸಾಧ್ಯವಾದರೆ ಬೇಸಿಗೆಯಲ್ಲಿಯೇ, ದಿನಾಂಕದೊಡನೆ ಬರೆಸಬೇಕು. ಮಳೆಗಾಲದ ಅಂಕಿ ಅಷ್ಟಾಗಿ ನಂಬಲರ್ಹವಲ್ಲ.

ಕಿರಿಯ ಇಂಜಿನಿಯರರು ಅಳತೆಗೆ ಬಂದಾಗ ಸದಸ್ಯರೊಬ್ಬರು ಜೊತೆಗಿದ್ದು ಆರ್‌ಸಿಸಿಬಿಯ ‘ಟಿ’ ಗುಂಡಿಯನ್ನು ಒತ್ತಿಸಿ ನೋಡಲಿ. ಆ ಗುಂಡಿ ಸಾಧನವನ್ನು ಮಾತ್ರ ಪರೀಕ್ಷಿಸುತ್ತದೆ, ಅರ್ಥಿಂಗನ್ನಲ್ಲ ಎಂಬುದೂ ನೆನಪಿರಲಿ. ಮೂರು ದೀಪಗಳುಳ್ಳ ಪ್ಲಗ್ಗಿನಂತಹ ಸಾಕೆಟ್ ಟೆಸ್ಟರ್ ಅಗ್ಗಕ್ಕೆ ದೊರೆಯುತ್ತದೆ. ಫೇಸ್, ನ್ಯೂಟ್ರಲ್ ಅದಲುಬದಲಾಗಿರುವುದನ್ನೂ ಅರ್ಥ್ ಇಲ್ಲದಿರುವುದನ್ನೂ ಅದು ತೋರಿಸುತ್ತದೆ. ನ್ಯೂಟ್ರಲ್ ಹಾಗೂ ಅರ್ಥ್ ಕೂಡಿರುವುದನ್ನು ಮಾತ್ರ ಅದು ತೋರಿಸಲಾರದು. ಅದಕ್ಕೆ ಮೆಗ್ಗರೇ ಬೇಕು.

ಗೋಡೆಯೊಳಗೆ ಹೋಗುವ ಕೊಳವೆಗಳ ಛಾಯಾಚಿತ್ರವನ್ನು ಗಾರೆ ಮುಚ್ಚುವ ಮೊದಲು ತೆಗೆಸಿಡುವುದೂ ಉಪಯುಕ್ತ. ವಸತಿ ಯೋಜನೆಯ ಮನೆಗಳಲ್ಲಿ ತಳಪಾಯ, ಗೋಡೆ, ಛಾವಣಿಯ ಹಂತಗಳಲ್ಲಿ ಛಾಯಾಚಿತ್ರ ತೆಗೆಯುವುದು ನಮಗೆ ರೂಢಿಯೇ ಇದೆ. ವೈರಿಂಗ್‌ಗೂ ಒಂದು ಚಿತ್ರ ಸೇರಿದರೆ ಮುಂದೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವವನ ಕೈ ಉಳಿಯುತ್ತದೆ.

ಆರ್‌ಸಿಸಿಬಿಯನ್ನು ಕಳಚಿ ನೇರ ಜೋಡಿಸಿದ ಕಟ್ಟಡಗಳು ತಮ್ಮ ವ್ಯಾಪ್ತಿಯಲ್ಲಿ ಇವೆಯೇ ಎಂಬುದನ್ನು ಸದಸ್ಯರು ಮುಂದಿನ ಸಾಮಾನ್ಯ ಸಭೆಗೆ ಮುನ್ನ ನೋಡಿ ಬರುವುದು ಅಪೇಕ್ಷಣೀಯ. ಅಂಗನವಾಡಿಯಲ್ಲಿ ದೋಷ ಸರಿಪಡಿಸಲು ಎರಡನೆಯ ಎಲೆಕ್ಟ್ರಿಷಿಯನ್‌ಗೆ ಬೇಕಾದುದು ಒಂದು ಬೆಳಗಿನ ಹೊತ್ತು. ನಜ್ಜಾದ ತಂತಿಯ ತುಂಡನ್ನು ಬದಲಿಸಿ, ಜಂಕ್ಷನ್ ಬಾಕ್ಸಿನ ಗಂಟನ್ನು ಬಿಚ್ಚಿ ತಿರುಪಿನ ಕನೆಕ್ಟರ್ ಹಾಕಿ, ಅರ್ಥಿಂಗ್ ಗುಂಡಿಯನ್ನು ಹೊಸದಾಗಿ ತುಂಬಿಸಿ, ಕಳಚಿಟ್ಟಿದ್ದ ಅದೇ ಹಳೆಯ ಆರ್‌ಸಿಸಿಬಿಯನ್ನು ಆತ ಮರಳಿ ಕೂರಿಸಿದನು. ಮಿಕ್ಸಿ ಹಾಕಿ ನೋಡಲಾಯಿತು, ಅದು ಬೀಳಲಿಲ್ಲ. ‘ಟಿ’ ಗುಂಡಿ ಒತ್ತಲಾಯಿತು, ಬಿದ್ದಿತು.